ಸಂಘದ ಅಟ್ಟ

ಸಂಘದ ಅಟ್ಟದಲ್ಲಿದ್ದ ಕಾಯಿ ಕೊಳೆತದ್ದು ಗಂಗಮ್ಮನಿಂದಲ್ಲ, ನನ್ನಿಂದ. ನುಸಿ ಹಿಡಿದ ಎಳೆಕಾಯಿಗಳನ್ನು ತಂದು ರಾಶಿಯ ನಡುವೆ ಯಾರಿಗೂ ಕಾಣದಂತೆ ಹುದುಗಿಸಿದವನು ನಾನು. ಆಮೇಲೆ ಊರೆಲ್ಲ ಕೂಡಿದ್ದಾಗ ತಪ್ಪನ್ನು ಅವಳ ತಲೆಗೆ ಕಟ್ಟಿದವನೂ ನಾನೇ. ಸಂಘದ ಕಾರ್ಯದರ್ಶಿ, ಓದಿದವನು, ನಾಲ್ಕು ಜನರೆದುರು ಭಾಷಣ ಮಾಡುತ್ತಿದ್ದವನು. ಇಷ್ಟನ್ನು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು. ಹೇಳಿದ ಮೇಲೂ ಎದೆ ಹಗುರಾಗಿಲ್ಲ — ಆಗಬಾರದು ಕೂಡ.

ನಮ್ಮೂರು ಹೊನ್ನವಳ್ಳಿಯ ಕಡೆ. ತೊಂಬತ್ತರ ದಶಕದ ಮೊದಲಲ್ಲಿ ನಾವು ಕೆಲವು ಹುಡುಗರು ಸೇರಿ ಸಂಘ ಕಟ್ಟಿದೆವು. ಗಣಪತಿ ಕೂರಿಸಿದೆವು, ನಾಟಕ ಆಡಿದೆವು, ವಾಲಿಬಾಲ್ ನೆಟ್ ಕಟ್ಟಿದೆವು. ಎಲ್ಲ ಊರಿನ ಯುವಕ ಸಂಘಗಳಂತೆ ನಮ್ಮದೂ ಬೇಗನೆ ಮಕಾಡೆ ಮಲಗಬೇಕಿತ್ತು. ಮಲಗಲಿಲ್ಲ, ಏಕೆಂದರೆ ಒಂದು ಪದ್ಧತಿ ಹುಟ್ಟಿಕೊಂಡಿತು: ಮನೆಗೊಂದು ಮರ. ಪ್ರತಿ ಮನೆಯವರೂ ತಮ್ಮ ತೋಟದ ಒಂದು ತೆಂಗಿನ ಮರವನ್ನು ಸಂಘಕ್ಕೆ ಬಿಟ್ಟುಕೊಟ್ಟರು. ಬುಡಕ್ಕೆ ಸುಣ್ಣದ ಪಟ್ಟೆ ಬಳಿದರೆ ಮುಗಿಯಿತು, ಅದು ಸಂಘದ ಮರ; ಅದರ ಕಾಯನ್ನು ಮನೆಯವರು ಹಬ್ಬದ ದಿನವೂ ಮುಟ್ಟುತ್ತಿರಲಿಲ್ಲ. ಆ ಕಾಯಿಗಳಿಂದಲೇ ಊರಿಗೆ ಒಂದು ವಾಚನಾಲಯ ಬಂತು, ಶಾಲೆಗೆ ಬೆಂಚುಗಳು ಬಂದವು.

ಕಿತ್ತ ಕಾಯಿ ಸಂಘದ ಮನೆಯ ಅಟ್ಟ ಸೇರುತ್ತಿತ್ತು. ನಮ್ಮ ಕಡೆ ಕೊಬ್ಬರಿ ಆಗುವುದು ಹಾಗೆ — ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಸದ್ದು ಮಾಡುವವರೆಗೆ ಕಾಯುತ್ತೇವೆ. ಎಳೆಕಾಯಿಯಲ್ಲಿ ಹಾಗಾಗುವುದಿಲ್ಲ. ಅದು ಕೊಳೆತು, ಒಡೆದು, ಸೋರಿ, ಪಕ್ಕದ್ದನ್ನೂ ಕೆಡಿಸುತ್ತದೆ. ಇದು ನಮ್ಮೂರಿನ ಮಕ್ಕಳಿಗೂ ಗೊತ್ತು. ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಗಂಗಮ್ಮ ಊರಾಚೆಯ ಹಟ್ಟಿಯವಳು. ಕುರಿ ಸಾಕುವ ಮನೆತನ. ಗಂಡ ಮಂದೆಯ ಹಿಂದೆ ಹೋಗಿ ವರ್ಷದಲ್ಲಿ ಅರ್ಧ ಕಾಲ ಊರಲ್ಲೇ ಇರುತ್ತಿರಲಿಲ್ಲ. ಅವಳು ತೋಟಗಳಿಗೆ ಕೂಲಿಗೆ ಬರುತ್ತಿದ್ದಳು. ಒಂದು ದಿನ ಸಭೆ ನಡೆಯುತ್ತಿದ್ದಾಗ ಬಾಗಿಲಲ್ಲಿ ನಿಂತು ಕೇಳಿದಳು: "ನಿಮ್ ಸಂಗ ಗಂಡುಸ್ರುದ್ದೊಂದೇ ಏನಣ್ಣ? ನಾವ್ ಕೆಲ್ಸ ಮಾಡಾವಾಗ ನಮ್ ಮಕ್ಳು ಮರದ್ ಬುಡದಾಗೆ ಬಿದ್ದಿರ್ತವೆ. ಮ್ಯಾಲಿಂದ ಕಾಯಿ ಬಿದ್ರೆ ಯಾರ್ ಗತಿ?" ಅವಳು ಸಂಘ ಸೇರಿದಳು. ಅವಳ ಬೆನ್ನಿಗೆ ಹಟ್ಟಿಯ, ಊರಿನ ಹೆಂಗಸರೂ ಬಂದರು. ಬರುವ ವರ್ಷದ ಕೊಬ್ಬರಿಯಿಂದ ಕೂಲಿಯವರ ಮಕ್ಕಳಿಗೆ ಒಂದು ಶಿಶುವಿಹಾರ ಕಟ್ಟುವುದೆಂದು ತೀರ್ಮಾನವಾಯಿತು. ಅಟ್ಟ ನೋಡಿಕೊಳ್ಳುವ ಕೆಲಸವನ್ನು ಅವಳೇ ಕೇಳಿ ತೆಗೆದುಕೊಂಡಳು.

ಇಲ್ಲಿ ಒಂದು ಮಾತು ಹೇಳಲೇಬೇಕು. ಮುಟ್ಟಾದ ಹೆಂಗಸರು ಕೊಬ್ಬರಿಯ ಅಟ್ಟ ಹತ್ತಬಾರದು, ಹತ್ತಿದರೆ ಕಾಯಿ ಕೆಡುತ್ತದೆ ಎನ್ನುವುದು ನಮ್ಮಲ್ಲಿ ಹಳೆಯ ನಂಬಿಕೆ — ಹಟ್ಟಿಯಲ್ಲೂ ಇತ್ತು, ನಮ್ಮ ಮನೆಯಲ್ಲೂ ಇತ್ತು. ತಿಂಗಳ ಆ ದಿನಗಳಲ್ಲಿ ಗಂಗಮ್ಮ ಬರುತ್ತಿರಲಿಲ್ಲ, ಅಟ್ಟದಲ್ಲಿ ಇಲಿಗಳದೇ ದರ್ಬಾರು. ನಾನು ಸುಧಾರಕ ಅಲ್ಲವೇ? ಅವಳನ್ನು ಕರೆದು ಹೇಳಿದೆ: "ಸಂಘದಾಗೆ ಮುಟ್ಟು ಮೈಲಿಗೆ ಇಲ್ಲ ಕಣಮ್ಮ. ದಿನಾ ಹತ್ತು. ಯಾರಾದ್ರೂ ಏನಾದ್ರೂ ಅಂದ್ರೆ ನಾನಿದೀನಿ." ಅವಳು ಹೆದರಿದಳು, ಬಹಳ ದಿನ ಒಪ್ಪಲಿಲ್ಲ. ನಾನು ಬಿಡಲಿಲ್ಲ. ಕೊನೆಗೆ ನನ್ನ ಮಾತಿನ ಮೇಲೆ ಹತ್ತಿದಳು. ಈ ಸಂಗತಿ ಅವಳನ್ನೂ ನನ್ನನ್ನೂ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ.

ಆ ವರ್ಷವೇ ತೆಂಗಿಗೆ ನುಸಿ ಪೀಡೆ ಬಂತು. ಕಾಯಿಗಳೆಲ್ಲ ಮುರುಟಿ, ಸಿಪ್ಪೆ ಕಂದಿ, ಮುಷ್ಟಿಯಷ್ಟಕ್ಕೇ ನಿಂತವು. ನಮ್ಮ ತೋಟವೂ ಹಾಳಾಯಿತು — ಒಂದು ಮರ ಬಿಟ್ಟು. ಸುಣ್ಣದ ಪಟ್ಟೆಯ ಮರ. ಅದರ ಗೊನೆಗಳು ಹಿಂದಿನಂತೆಯೇ ತುಂಬಿ ಜೋತುಬಿದ್ದಿದ್ದವು. ದಿನಾ ಅದರ ಕೆಳಗೆ ನಿಂತು ನೋಡುತ್ತಿದ್ದೆ. ಮನೆಯಲ್ಲಿ ಮದುವೆಯಿರಲಿಲ್ಲ, ಕಾಯಿಲೆಯಿರಲಿಲ್ಲ, ಯಾವ ಅಡಚಣೆಯೂ ಇರಲಿಲ್ಲ. ಒಳ್ಳೆಯ ಕಾಯಿ ಕಂಡಿತು, ಕೊಡಲು ಮನಸ್ಸು ಬರಲಿಲ್ಲ — ಅಷ್ಟೇ. ಆ ಕಾಯಿಗಳನ್ನು ನಮ್ಮ ಅಟ್ಟಕ್ಕೆ ಏರಿಸಿದೆ. ಲೆಕ್ಕ ತುಂಬಿಸಲು ಪಕ್ಕದ ರೋಗದ ಮರದಿಂದ ಇನ್ನೂ ಬಲಿಯದ ಕಾಯಿ ಕೆಡವಿಸಿ ಸಂಘಕ್ಕೆ ತಂದೆ. ಸಂಘದ ಮನೆಯ ಬೀಗದ ಕೈ ಒಂದು ನನ್ನ ಹತ್ತಿರವೂ ಇತ್ತು. ರಾಶಿಯ ಹೊಟ್ಟೆಯೊಳಗೆ ತುರುಕಿ ಮೇಲೆ ಬೇರೆಯವರ ಕಾಯಿ ಮುಚ್ಚಿದೆ.

ಮಳೆಗಾಲ ಹಿಡಿದ ಮೇಲೆ ಗಂಗಮ್ಮ ತೋಟಕ್ಕೇ ಹುಡುಕಿಕೊಂಡು ಬಂದಳು. "ಅಣ್ಣ, ಅಟ್ಟ ನಾರ್ತೈತೆ. ನಡುವೆ ಏನೋ ಕೊಳೀತೈತೆ ಕಣಣ್ಣ. ರಾಶಿ ಬಿಚ್ಚಿ ನೋಡಾಣ."

ಬಿಚ್ಚಿದ್ದರೆ ಅರ್ಧಕ್ಕೂ ಹೆಚ್ಚು ಕಾಯಿ ಉಳಿಯುತ್ತಿತ್ತು. ಆದರೆ ಬಿಚ್ಚಿದ್ದರೆ ಆ ಎಳೆಕಾಯಿಗಳು ಕಾಣುತ್ತಿದ್ದವು, ಯಾರ ಮನೆಯವು ಎಂದು ಯಾರಾದರೂ ಕೇಳುತ್ತಿದ್ದರು... "ರಾಶಿ ಕದಲಿಸಬ್ಯಾಡ, ಮಳೆ ಥಂಡಿಗೆ ಹಂಗೇ ಇರ್ತೈತೆ ಹೋಗು" ಎಂದು ಗದರಿ ಕಳಿಸಿದೆ. ಅವಳು ಹಿಂತಿರುಗಿ ಹೋದಳು. ಕಾರ್ಯದರ್ಶಿಯ ಮಾತು.

ಕಪ್ಪು ನೀರು ಜಂತೆಗಳಿಂದ ಇಳಿದು ವಾಚನಾಲಯದ ಮೇಜಿನ ಮೇಲೆ ತೊಟ್ಟಿಕ್ಕತೊಡಗಿದಾಗ ಊರಿಗೆ ಗೊತ್ತಾಯಿತು. ಮಾರನೆಯ ಬೆಳಿಗ್ಗೆ ಎಲ್ಲರೂ ಸೇರಿ ರಾಶಿ ಇಳಿಸಿದರು. ಊರಿನ ಅಷ್ಟೂ ಮನೆಗಳ ಕಾಯಿ ಅಂಗಳದಲ್ಲಿ ಕರ್ರಗೆ ಬಿದ್ದಿತ್ತು. ಮೂಗು ಮುಚ್ಚಿಕೊಂಡೇ ಜನ ನಿಂತಿದ್ದರು. ಸಂಘದ ಅಧ್ಯಕ್ಷರು ಸಿದ್ದಪ್ಪನವರು, ವಯಸ್ಸಾದವರು. ಒಂದು ಕಾಯನ್ನು ಕೋಲಿನಿಂದ ಹೊರಳಿಸಿ ನೋಡಿ ಅಂದರು: "ಇದು ಎಳೆಕಾಯಿ. ಯಾರ್ಲಾ ತಂದಾಕಿದ್ದು? ಒಂದೊಂದ್ ಮನೇರ್ನೂ ಕೇಳಾಣ, ಬನ್ನಿ."

ಆಗ ನನ್ನ ಬಾಯಿಂದ ಆ ಮಾತು ಬಂತು. ಬಂತು ಅಲ್ಲ — ನಾನೇ ಆಡಿದೆ, ಯೋಚಿಸಿಯೇ ಆಡಿದೆ.

"ಕೇಳೋದೇನೈತೆ? ಗಂಗಮ್ಮ ಮುಟ್ಟಾಗಿದ್ದಾಗ್ಲೂ ಅಟ್ಟ ಹತ್ತವಳೆ. ನಾನೇ ಕಣ್ಣಾರೆ ನೋಡೀನಿ."

ಗಂಗಮ್ಮ ನನ್ನನ್ನು ನೋಡಿದಳು. "ನೀನೇ ಏಳಿದ್ದಲ್ಲಣ್ಣ..." ಅಂದಳು. ಸಿದ್ದಪ್ಪನವರು ನನ್ನ ಕಡೆ ತಿರುಗಿದರು: "ಏನಪ್ಪಾ, ನೀನೇಳಿದ್ದಾ?" "ಇಲ್ಲ" ಅಂದೆ. ಆಮೇಲೆ ಯಾರೂ ಎಳೆಕಾಯಿಯ ವಿಷಯ ಎತ್ತಲಿಲ್ಲ. ಊರಿಗೆ ಕಾರಣ ಸಿಕ್ಕಿತ್ತು. ಹೆಂಗಸರೇ ಮೊದಲು ಅವಳಿಂದ ದೂರ ಸರಿದು ನಿಂತರು. ಮುಂದಿನದನ್ನು ನೋಡಲಾರದೆ ನಾನು ವಾಚನಾಲಯದ ಒಳಗೆ ಹೋಗಿ ನೆಲ ಒರೆಸತೊಡಗಿದೆ.

ಹಟ್ಟಿಯವರು ಅವಳಿಂದ ದೇವರಿಗೆ ತಪ್ಪೊಪ್ಪಿಸಿದರು. ಸ್ವಲ್ಪ ಕಾಲಕ್ಕೆ ಅವಳು ಗಂಡ, ಮಗುವನ್ನು ಕಟ್ಟಿಕೊಂಡು ಬೋರನಕಣಿವೆಯ ಕಡೆ ತವರಿಗೆ ಹೊರಟುಹೋದಳು. ಹೆಂಗಸರು ಸಂಘದ ಹೊಸ್ತಿಲು ತುಳಿಯುವುದನ್ನು ನಿಲ್ಲಿಸಿದರು. ಮುಂದಿನ ವರ್ಷ ಯಾರೂ ಮರಗಳಿಗೆ ಸುಣ್ಣ ಬಳಿಯಲಿಲ್ಲ. ಶಿಶುವಿಹಾರದ ಮಾತೇ ಇಲ್ಲ. ಸಂಘದ ಮನೆಯಲ್ಲಿ ಈಗ ಯಾರೋ ಗೊಬ್ಬರದ ಮೂಟೆ ಪೇರಿಸಿದ್ದಾರೆ. ಸುತ್ತಲಿನ ಊರುಗಳಲ್ಲೆಲ್ಲ ಹೆಂಗಸರ ಸ್ವಸಹಾಯ ಸಂಘಗಳು ಎದ್ದಾಗ ನಮ್ಮೂರಿಗೂ ಒಬ್ಬರು ಮೇಡಂ ಬಂದು ಮಧ್ಯಾಹ್ನವೆಲ್ಲ ಕಾದರು, ಒಬ್ಬಳೂ ಬರಲಿಲ್ಲ. "ನಮ್ಗೆ ಸಂಗ ಆಗಿಬರಲ್ಲ ಕಣ್ರೀ" ಎಂದು ನಮ್ಮ ಮನೆಯಾಕೆಯೇ ಅವರಿಗೆ ಹೇಳಿ ಕಳಿಸಿದಳು. ಊರಿನ ಸಂಘದ ಚರಿತ್ರೆ ಕೇಳಿದರೆ ಗಂಡಸರು ನುಸಿಯಿಂದ ನಿಂತಿತು ಎನ್ನುತ್ತಾರೆ. ಹೆಂಗಸರು ಗಂಗಮ್ಮನ ಹೆಸರು ಹೇಳುತ್ತಾರೆ. ನನ್ನ ಹೆಸರು ಯಾರ ಬಾಯಲ್ಲೂ ಇಲ್ಲ.

ಹೋದ ವರ್ಷ, ತಡೆಯಲಾರದೆ, ಹುಳಿಯಾರಿನ ಬಸ್ಸು ಹತ್ತಿ ಅವಳನ್ನು ಹುಡುಕಿಕೊಂಡು ಹೋದೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಗಾಬರಿಯಾದಳು, ಆಮೇಲೆ ಚಾಪೆ ಹಾಕಿ ನೀರು ಕೊಟ್ಟಳು. ಮನೆಯ ಎದುರಿಗೆ, ಸ್ವಲ್ಪ ದೂರದಲ್ಲಿ, ಒಂದು ಚಿಕ್ಕ ಗುಡಿಸಲು. ಅದರ ಬಾಗಿಲಲ್ಲಿ ಅವಳ ಕಿರಿಮಗಳು ಶಾಲೆಯ ಪುಸ್ತಕ ಮಡಿಲಲ್ಲಿಟ್ಟುಕೊಂಡು ಒಬ್ಬಳೇ ಕೂತಿದ್ದಳು. ಯಾಕೆ ಹೊರಗಿದ್ದಾಳೆಂದು ಯಾರೂ ನನಗೆ ಹೇಳಬೇಕಿರಲಿಲ್ಲ.

ನಾನು ಎಲ್ಲವನ್ನೂ ಹೇಳಿದೆ. ಮರ, ಎಳೆಕಾಯಿ, ಬೀಗದ ಕೈ — ಒಂದನ್ನೂ ಬಿಡಲಿಲ್ಲ. ಉಗಿಯಲಿ, ಹೊಡೆಯಲಿ, ಶಪಿಸಲಿ ಎಂದು ಕಾದೆ. ಅವಳು ಕೇಳಿ ಮುಗಿಸಿ, ನನ್ನನ್ನು ಕಂಡು ಕನಿಕರಪಟ್ಟಳು.

"ನನ್ ಸಮಾಧಾನಕ್ಕೆ ಇಂಗಂತೀಯ ಕಣಣ್ಣ. ಬುಡು. ತಪ್ಪು ನಂದೇ. ನಾನ್ ಹತ್ತಬಾರ್ದಿತ್ತು. ಅಷ್ಟ್ ಮನೇರ್ ಅನ್ನ ಕೆಡಿಸ್ದೆ."

"ಇಲ್ಲ ಗಂಗಮ್ಮ! ನೀನು ಹತ್ತಿದ್ರಿಂದ ಏನೂ ಆಗ್ಲಿಲ್ಲ!" — ನನ್ನ ದನಿ ಏರಿತು.

ಅವಳು ತಟ್ಟನೆ ಗುಡಿಸಲ ಕಡೆ ನೋಡಿ, ಕೈಮುಗಿದುಬಿಟ್ಟಳು. "ಮೆಲ್ಲಗೆ ಮಾತಾಡಣ್ಣ, ನಿನ್ ದಮ್ಮಯ್ಯ. ಮಗ್ಳು ಕೇಳುಸ್ಕಂತಾಳೆ. ನಿಜ ಅನ್ಕಂಡು ನಾಳೆ ಅವ್ಳೂ ಹತ್ತಿಬುಟ್ಟಾಳು."

ನಾನು ದನಿ ತಗ್ಗಿಸಿದೆ. ಸಂಜೆಯ ಬಸ್ಸಿಗೆ ಹೊರಟಾಗ ದಾರಿ ಆ ಗುಡಿಸಲ ಮುಂದೆಯೇ ಇತ್ತು. ಹುಡುಗಿ ತಲೆಯೆತ್ತಿ ನೋಡಿದಳು. ಅವಳಿಗೆ ಹೇಳಬೇಕಾದ ಮಾತು ಬಾಯಲ್ಲೇ ಇತ್ತು. ಹೇಳದೆ, ಅವಳನ್ನು ದಾಟಿ ಬಂದೆ.