ಅಣ್ಣನ ಚೀಟಿಯನ್ನು ನಾನು ಓದಿದ ಬಗೆ

ರಶ್ಮಿ, ನಿನ್ನ ಅಪ್ಪ ಬರೆದಿಟ್ಟ ಚೀಟಿಯನ್ನು ನಾನು ಸುಳ್ಳು ಓದಿ ಹೇಳಿದೆ. ಅದರಲ್ಲಿ ಯಾವ ಹರಕೆಯೂ ಇರಲಿಲ್ಲ.

ನಿನ್ನ ಅಮ್ಮನ ಕೊನೆಯ ದಿನಗಳನ್ನು ಕಂಡ ಮೇಲೆ ಅಣ್ಣ ಅದನ್ನು ಬರೆದದ್ದು. ಗುಣವಾಗುವುದಿಲ್ಲವೆಂದು ಡಾಕ್ಟರು ಹೇಳಿದ ಮೇಲೆ ತನಗೆ ಉಸಿರಾಟದ ಯಂತ್ರ ಬೇಡ, ಕೈ ಕಟ್ಟಿ ಮಲಗಿಸುವುದು ಬೇಡ — ಇಷ್ಟೇ, ಅರ್ಧ ಪುಟ. “ಇದನ್ನು ಇಂಗ್ಲಿಷಿಗೆ ಮಾಡಿ, ಇಬ್ಬರ ಸಾಕ್ಷಿ ಹಾಕ್ಸಿ, ನೋಟರಿ ಮಾಡ್ಸಿ ಕೊಡು ಮಾರಾಯ,” ಎಂದಿದ್ದ. ಬೇಲಾಪುರದಲ್ಲಿ ನನ್ನ ಆಫೀಸಿನ ಎದುರೇ ನೋಟರಿ ಕೂರುತ್ತಾರೆ. ಆದರೂ ಇವತ್ತು ನಾಳೆ ಎಂದು ದಿನ ತಳ್ಳಿದೆ. ಅಣ್ಣನ ಸಾವನ್ನು ನನ್ನ ಕೈಯಾರೆ ಬರೆಯುವುದೆಂದರೆ — ಆಗಲಿಲ್ಲ.

ವಾಶಿಯ ಆಸ್ಪತ್ರೆಯಲ್ಲಿ, ಯಂತ್ರ ಹಾಕಿ ಎರಡು ದಿನವಾದಾಗ, ಅವನ ಫೈಲಿನಲ್ಲಿ ಆ ಚೀಟಿ ನಿನಗೆ ಸಿಕ್ಕಿತು. ಅಣ್ಣನ ಶ್ವಾಸಕೋಶ ಇನ್ನು ಸುಧಾರಿಸದೆಂದು ಡಾಕ್ಟರು ಹೇಳಿಯಾಗಿತ್ತು. ನೋಟರಿಯ ಮುದ್ರೆ ಇಲ್ಲದಿದ್ದರೂ ಅವರ ಇಚ್ಛೆ ಏನಿತ್ತೆಂದು ತಿಳಿಸಿ, ಯಂತ್ರ ತೆಗೆಯುವುದನ್ನು ತೀರ್ಮಾನಿಸುವ ಡಾಕ್ಟರುಗಳ ಬೋರ್ಡಿನ ಮುಂದಿಡುತ್ತೇವೆ ಎಂದರು. ನೀನು ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು. ಕನ್ನಡ ತಿಳಿಯುತ್ತದೆ, ಓದಲು ಬಾರದು.

“ಚಿಕ್ಕಪ್ಪ, ಕ್ಯಾ ಲಿಖಾ ಹೈ?”

“ಊರಿನ ದೈವಕ್ಕೆ ಹೇಳಿಕೊಂಡ ಹರಕೆ, ಮಗಾ.”

ಅಷ್ಟು ಸಲೀಸಾಗಿ ಬಾಯಿಗೆ ಬಂತು. ಚೀಟಿ ಮಡಚಿ ಜೇಬಿಗೆ ಹಾಕಿಕೊಂಡೆ. ಅಣ್ಣ ಇನ್ನೂ ಹದಿನೇಳು ದಿನ ಇದ್ದ — ಕೊಳವೆ ಕಿತ್ತುಕೊಳ್ಳದಂತೆ ಎರಡೂ ಕೈ ಮಂಚಕ್ಕೆ ಕಟ್ಟಿಸಿಕೊಂಡು. ಎಚ್ಚರವಾದಾಗ ನನ್ನನ್ನೇ ನೋಡುತ್ತಿದ್ದ. ಒಂದು ದಿನ ಕಟ್ಟಿದ ಕೈಯ ಬೆರಳಿನಿಂದ ಹಾಸಿಗೆಯ ಮೇಲೆ ಏನೋ ಗೀಚಿದ. ಮತ್ತೆ ಮತ್ತೆ, ಎರಡೇ ಅಕ್ಷರ.

ಅಪ್ಪ ಏನು ಬರೀತಿದ್ದಾರೆ ಎಂದು ನೀನು ಕೇಳಿದೆ. ನಿನ್ನ ಹೆಸರು ಎಂದೆ ನಾನು.

ನೀನು ನಂಬಿದೆ. ಊರಿಗೆ ಹೋಗಿ ಇಲ್ಲದ ಹರಕೆಯನ್ನು ತೀರಿಸಿ ಬಂದೆ. ಈಗ ಕನ್ನಡ ಸಂಘದ ತರಗತಿಗೆ ಹೋಗಿ ಅಕ್ಷರ ಕಲಿಯುತ್ತಿದ್ದೀ. ಮೊನ್ನೆ ನಿನ್ನ ಹೆಸರು ಬರೆದು ತೋರಿಸಿ, “ಅಪ್ಪ ಬರ್ದದ್ದು ಐಸಾಹೀ ನಾ, ಚಿಕ್ಕಪ್ಪ?” ಎಂದೆಯಲ್ಲ — ಅಂದಿನಿಂದ ಈ ಕಾಗದವನ್ನು ಬರೆಯುತ್ತ, ಹರಿಯುತ್ತ ಇದ್ದೇನೆ.

ಅವನನ್ನು ಉಳಿಸಿಕೊಳ್ಳಲೆಂದು ಹಾಗೆ ಮಾಡಿದೆ ಎನ್ನಲಾರೆ. ಅವನು ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ‘ಸಾಕು’ ಎಂಬ ಮಾತು ನನ್ನ ಬಾಯಿಂದ ಬರಬಾರದು, ಅಷ್ಟೇ ಬೇಕಿತ್ತು ನನಗೆ.

ಇದನ್ನು ಓದುವಷ್ಟು ಕನ್ನಡ ನಿನಗಿನ್ನೂ ಬಂದಿಲ್ಲ. ಗೊತ್ತಿದ್ದೂ ಕನ್ನಡದಲ್ಲೇ ಬರೆಯುತ್ತಿದ್ದೇನೆ, ನನ್ನ ಹೇಡಿತನ ನೋಡು. ಆದ್ದರಿಂದ ಭಾನುವಾರ ನಾನೇ ಬರುತ್ತೇನೆ, ಅಣ್ಣನ ಚೀಟಿ ತರುತ್ತೇನೆ. ನಾನು ಓದಿ ಹೇಳುವುದಿಲ್ಲ. ನೀನೇ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದು. ‘ಬೇ’ ಸಿಗುತ್ತದೆ, ಆಮೇಲೆ ‘ಡ’. ಅವನು ಹಾಸಿಗೆಯ ಮೇಲೆ ಬರೆದದ್ದೂ ಅದನ್ನೇ. ಎಷ್ಟು ಹೊತ್ತಾದರೂ ನಿನ್ನ ಎದುರಿಗೆ ಕೂತಿರುತ್ತೇನೆ.