ನಾನು ಮಲಗಿದ್ದ ಪ್ರಾರ್ಥನೆಯ ತಾಸು

ಸಭೆಯಲ್ಲಿ ಯಾರಾದರೂ ಎದ್ದು ನಿಂತು ‘ನನಗೊಂದು ಧ್ವನಿ ಕೇಳಿಸಿತು’ ಎಂದರೆ ನನಗೆ ಮೈ ಉರಿಯುತ್ತಿತ್ತು. ಉಪವಾಸ ಮಾಡಿ ತಲೆ ತಿರುಗಿರಬೇಕು ಎಂದುಕೊಳ್ಳುತ್ತಿದ್ದೆ. ಒಮ್ಮೊಮ್ಮೆ ಪಕ್ಕದವರಿಗೆ ಕೇಳುವಂತೆ ಅಂದೂಬಿಡುತ್ತಿದ್ದೆ. ನಾನು ಶಾಲೆಯ ಶಿಕ್ಷಕಿ. ಪ್ರಾರ್ಥನೆ ಬಿಟ್ಟವಳಲ್ಲ, ಆದರೆ ದೇವರು ಕಂಡಕಂಡವರ ಕಿವಿಯಲ್ಲಿ ಪಿಸುಗುಟ್ಟುತ್ತಾನೆ ಎಂಬುದನ್ನು ನಂಬಿದವಳೂ ಅಲ್ಲ. ಅಂಥ ನನ್ನ ಕೊರಳಿಗೇ ಇಂಥದೊಂದು ಸಂಗತಿ ಬಿದ್ದಿದೆ. ಓದುವವರು ನಂಬಲೇಬೇಕೆಂದೇನೂ ಇಲ್ಲ. ನಾನೇ ಇನ್ನೂ ಪೂರ್ತಿ ನಂಬಿಲ್ಲ.

ಕಾರಟಗಿಯಲ್ಲಿ ನಮ್ಮದು ಸಣ್ಣ ಕ್ರೈಸ್ತ ಸಭೆ, ಇಪ್ಪತ್ತು ಮನೆಯೂ ಇಲ್ಲ. ತಿಂಗಳಿಗೊಂದು ಶನಿವಾರ ಸರಪಳಿ ಪ್ರಾರ್ಥನೆ ಇಟ್ಟುಕೊಳ್ಳುತ್ತಿದ್ದೆವು. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಎಲ್ಲರಿಗೂ ಉಪವಾಸ. ಒಂದೊಂದು ಮನೆಯವರು ಒಂದೊಂದು ತಾಸು ಮೊಣಕಾಲೂರಿ ಪ್ರಾರ್ಥಿಸಬೇಕು. ಕರ್ತನು ಯಾವ ಹೊತ್ತಿಗೆ ಬರುತ್ತಾನೋ ಗೊತ್ತಿಲ್ಲ, ಬಂದಾಗ ನಮ್ಮಲ್ಲಿ ಒಬ್ಬರಾದರೂ ಎಚ್ಚರವಾಗಿರಬೇಕು ಎಂಬುದು ಇದರ ಉದ್ದೇಶ. ಸರದಿಯ ಪಟ್ಟಿ ಬರೆಯುವವಳು ನಾನು, ನಿಯಮ ಮಾಡಿದವಳೂ ನಾನೇ. ಮೊದಮೊದಲು ಜನ ಫೋನಿನಲ್ಲೇ ‘ನಮ್ದು ಆತ್ರಿ, ನೀವು ಕುಂಡ್ರಿ’ ಎಂದು ಕೈತೊಳೆದುಕೊಳ್ಳುತ್ತಿದ್ದರು. ಹಾಸಿಗೆಯಲ್ಲಿ ಮಲಗಿಕೊಂಡೇ ಫೋನ್ ಮಾಡುವ ಮಹಾನುಭಾವರೂ ಇದ್ದುದರಿಂದ ಅದನ್ನು ನಿಲ್ಲಿಸಿದೆ. ತಾಸು ಮುಗಿಸಿದವರು ಮುಂದಿನವರ ಮನೆಗೆ ನಡೆದುಹೋಗಿ ‘ಸರಪಳಿ ನಿಮ್ಮ ಕೈಗೆ’ ಎನ್ನಬೇಕು. ಮುಂದಿನವರು ಹತ್ತು ನಿಮಿಷ ಮೊದಲೇ ಮಕ್ಕಳನ್ನು ಕೋಣೆಯಿಂದ ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಕಣ್ಣು ಮುಚ್ಚಿ ಕೂತಿರಬೇಕು. ತಪ್ಪಿದವರನ್ನು ಭಾನುವಾರ ಎಲ್ಲರೆದುರಿಗೆ ತರಾಟೆಗೆ ತೆಗೆದುಕೊಳ್ಳುತ್ತಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ಭತ್ತದ ಸುಗ್ಗಿ, ಊರ ತುಂಬ ರೈಸ್ ಮಿಲ್ಲುಗಳ ಬೂದಿ. ಅವತ್ತು ಎರಡರಿಂದ ಮೂರು ನನ್ನ ತಾಸು, ಮೂರರಿಂದ ನಾಲ್ಕು ಮಾರ್ಥಮ್ಮನದು. ಮಾರ್ಥಮ್ಮ ನಮ್ಮ ಓಣಿಯವಳೇ, ನಾಲ್ಕು ಮನೆ ಆಚೆ. ಮಗ, ಸೊಸೆ ಕೂಲಿಗೆ ಹೋದಾಗ ಎರಡು ವರ್ಷದ ಮೊಮ್ಮಗಳು ಗ್ರೇಸಿಯನ್ನು ನೋಡಿಕೊಳ್ಳುವವಳು ಆಕೆಯೇ. ನಾನು ಬೆಳಗಿನ ಶಾಲೆ ಮುಗಿಸಿ ಬಂದು, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಎರಡಕ್ಕೆ ಸರಿಯಾಗಿ ಚಾಪೆಯ ಮೇಲೆ ಮೊಣಕಾಲೂರಿದೆ. ನನ್ನ ಯಜಮಾನರು ಮಿಲ್ಲಿಗೆ ಹೋಗಿದ್ದರು. ಹೊಟ್ಟೆ ಖಾಲಿ, ತಲೆಯ ಮೇಲೆ ಫ್ಯಾನು. ಪ್ರಾರ್ಥನೆಯಲ್ಲಿ ತೂಕಡಿಸುವವರ ಮೇಲೆ ದೇವರಿಗೆ ದೂರು ಹೇಳುತ್ತಿದ್ದದ್ದು ಚೆನ್ನಾಗಿ ನೆನಪಿದೆ. ಆಮೇಲಿನದು ನೆನಪಿಲ್ಲ.

ಯಾರೋ ಬಾಗಿಲು ಬಡಿಯುವ ಸದ್ದಿಗೆ ಎದ್ದರೆ ಮೂರೂಕಾಲು. ಕೆನ್ನೆಯ ಮೇಲೆ ಚಾಪೆಯ ಗೆರೆಗಳು ಮೂಡಿದ್ದವು. ಚಿಲಕ ತೆಗೆದರೆ ಮಾರ್ಥಮ್ಮ. ಸೀರೆಯೆಲ್ಲ ತೊಯ್ದಿತ್ತು, ತೊಯ್ದ ಗ್ರೇಸಿ ಹೆಗಲ ಮೇಲೆ ಬಿಕ್ಕುತ್ತಿತ್ತು. ನಾನು ಬರಲಿಲ್ಲವೆಂದು ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡೆ. ಆಕೆ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

‘ನೀವು ಬಂದು ಬೈಲಿಲ್ಲಂದ್ರ ನನ್ನ ಕೂಸು ಹೋಗತಿತ್ರಿ ಟೀಚರ್.’

ಆದದ್ದಿಷ್ಟು. ನಳದಲ್ಲಿ ನೀರು ಬಂದಿದ್ದರಿಂದ ಮಾರ್ಥಮ್ಮ ಮನೆಯ ಹಿಂದಿನ ಅಂಗಳದ ನೆಲದೊಳಗಿನ ನೀರಿನ ತೊಟ್ಟಿಯ ಮುಚ್ಚಳ ತೆಗೆದು ಪೈಪು ಬಿಟ್ಟಿದ್ದಳು. ಮೂರಾಗುತ್ತ ಬಂತೆಂದು, ನನ್ನ ನಿಯಮದಂತೆ ಕೂಸನ್ನು ಹೊರಗೆ ಬಿಟ್ಟು, ಬಾಗಿಲು ಮುಂದೆ ಮಾಡಿ, ಕಣ್ಣು ಮುಚ್ಚಿ ಕೂತಳು. ಆಗ ಕಿಟಕಿಯ ಹೊರಗಿನಿಂದ ನಾನು ಗದರಿದೆನಂತೆ: ‘ಮಾರ್ಥಮ್ಮ, ಏನು ಕಣ್ಣು ಮುಚ್ಚಿ ಕುಂತೀರಿ? ಕೂಸು ಎಲ್ಲೈತಿ ನೋಡ್ರಿ ಮೊದ್ಲ.’ ಓಡಿ ಬಂದರೆ ತೊಟ್ಟಿಯ ನೀರಿನ ಮೇಲೆ ಗ್ರೇಸಿಯ ಲಂಗ ತೇಲುತ್ತಿತ್ತು. ಇಳಿದು ಎತ್ತಿ, ಬೋರಲು ಹಿಡಿದು ಬೆನ್ನು ಗುದ್ದಿದಾಗ ಕೂಸು ಕೆಮ್ಮಿತು. ಹೊರಗೆ ನಾನು ಕಾಣದ್ದಕ್ಕೆ, ಯಾರನ್ನೋ ಕರೆತರಲು ಓಡಿರಬೇಕು ಎಂದುಕೊಂಡಳಂತೆ.

‘ಬ್ಯಾರೆ ಯಾರರ ಇರಬೇಕು ನೋಡ್ರಿ’ ಎಂದೆ.

‘ಈ ಓಣ್ಯಾಗ ನಿಮ್ಮಂಗ ಬೈಯಾಕಿ ಬ್ಯಾರೆ ಯಾರದಾರ್ರಿ’ ಎಂದಳು.

ಮಲಗಿದ್ದೆ ಎನ್ನಲು ನನಗೆ ಬಾಯಿ ಬರಲಿಲ್ಲ. ಸಂಜೆ ಮಾರ್ಥಮ್ಮನ ಎದುರುಮನೆಯ ಬೀಬಮ್ಮನನ್ನು ಕೇಳಿದೆ. ಆ ಮುದುಕಿ ಮಧ್ಯಾಹ್ನವೆಲ್ಲ ಹೊಸ್ತಿಲಲ್ಲಿ ಕೂತು ಅಕ್ಕಿ ಹಸನ ಮಾಡುತ್ತಿದ್ದವಳು. ‘ಓಣ್ಯಾಗ ನಾಯಿ ಸೈತ ಅಡ್ಡಾಡಿಲ್ಲವ್ವ. ನಿನ್ನ ದನಿ ಮಾತ್ರ ಕೇಳಿಸ್ತು. ಮತ್ತ ಯಾರಿಗೋ ಬೈಯಾಕತ್ತಾಳ ಅನ್ಕೊಂಡೆ’ ಎಂದಳು.

ಮರುದಿನ ಭಾನುವಾರ, ಮಾರ್ಥಮ್ಮನಿಂದ ಸುದ್ದಿ ಕೇಳಿದ್ದ ಪಾಸ್ಟರ್ ಸಭೆಯಲ್ಲಿ ನನ್ನನ್ನು ಮುಂದೆ ಕರೆದು ನಿಲ್ಲಿಸಿದರು. ಎಚ್ಚರವಾಗಿರುವ ದಾಸಿ ಹೇಗಿರುತ್ತಾಳೆಂದು ಎಲ್ಲರೂ ನೋಡಿ ಕಲಿಯಬೇಕಂತೆ. ಜನ ಚಪ್ಪಾಳೆ ತಟ್ಟಿದರು. ನಾನು ಗಟ್ಟಿಯಾಗಿ ಹೇಳಿದೆ, ‘ನಾನು ಎಚ್ಚರ ಇರಲಿಲ್ರಿ. ಮಲಗಿದ್ದೆ. ನಾನು ಹೋಗೇ ಇಲ್ಲ.’ ಪಾಸ್ಟರ್ ನಕ್ಕರು. ‘ನೋಡ್ರಿ ಎಂಥಾ ದೀನತೆ’ ಎಂದರು. ಮತ್ತೆ ಚಪ್ಪಾಳೆ. ಮತ್ತೆ ಹೇಳಹೋದರೆ ಹತ್ತಿರ ಬಂದು, ‘ಸಾಕು ಕುಂಡ್ರಮ್ಮ, ದೇವರ ಮಹಿಮೆ ಕೆಡಿಸಬ್ಯಾಡ’ ಎಂದು ಸಣ್ಣ ದನಿಯಲ್ಲಿ ಗದರಿದರು. ಎಂಥ ಸಿಟ್ಟು ಬಂತೆಂದರೆ ಕಣ್ಣಲ್ಲಿ ನೀರು ಬಂತು. ತೊಟ್ಟಿಯ ಮುಚ್ಚಳದ ಬಗ್ಗೆ ಒಬ್ಬರಾದರೂ ಕೇಳಬೇಡವೇ? ಕೂಸನ್ನು ಹೊರಗೆ ಹಾಕಿ ಕಣ್ಣು ಮುಚ್ಚಿ ಕೂಡುವುದನ್ನೇ ಎಚ್ಚರವೆಂದು ಕಲಿಸಿದ ಮುಟ್ಠಾಳಿ ಯಾರು ಎಂದು ಕೇಳಬೇಡವೇ? ಕೇಳಿದ್ದರೆ ಎದೆ ತಟ್ಟಿ ನಾನೇ ಎನ್ನುತ್ತಿದ್ದೆ. ಪಟ್ಟಿಯ ಪುಸ್ತಕವನ್ನು ಅಲ್ಲೇ ಹರಿದುಹಾಕಿ ಎದ್ದು ಬಂದೆ. ಅದನ್ನೂ ಜನ ಆತ್ಮಾವೇಶ ಎಂದರಂತೆ. ಇವರಿಗೇನು ಹೇಳುವುದು.

ಮಾರ್ಥಮ್ಮನಿಗೆ ಮಾತ್ರ ಸುಳ್ಳಿನಲ್ಲಿ ಇರಗೊಡಬಾರದೆನಿಸಿತು. ಅವತ್ತೇ ಹೋಗಿ ಚಿಲಕ, ಚಾಪೆ, ನಿದ್ದೆ ಎಲ್ಲ ಹೇಳಿದೆ. ಬೈದರೆ ಬೈಸಿಕೊಳ್ಳೋಣ ಎಂದೇ ಹೋಗಿದ್ದೆ. ಆಕೆ ಬೈಯಲಿಲ್ಲ. ಗ್ರೇಸಿಯನ್ನು ಎಳೆದು ಮಡಿಲಿಗೆ ಹಾಕಿಕೊಂಡಳು.

‘ಹಂಗಾದ್ರ ನನಗ ಬೈದಾಕಿ ಯಾರ್ರಿ?’ ಎಂದಳು.

ದೇವದೂತ ಎಂದವರಿದ್ದಾರೆ. ಭ್ರಮೆ ಎಂದವರೂ ಇದ್ದಾರೆ. ಪ್ರಾರ್ಥನೆಗೆ ಕೂತ ಮಾರ್ಥಮ್ಮನಿಗೂ, ಅಕ್ಕಿ ಹಸನ ಮಾಡುತ್ತಿದ್ದ ಬೀಬಮ್ಮನಿಗೂ ಒಂದೇ ಭ್ರಮೆ ಹೇಗಾಯಿತೋ ಅವರೇ ಹೇಳಬೇಕು. ನನಗಂತೂ ತಿಳಿದಿಲ್ಲ. ಈಗಲೂ ಪ್ರಾರ್ಥನೆಗೆ ಕೂತರೆ ಮೊದಲು ಬರುವುದು ಸಿಟ್ಟು, ಅದೂ ದೇವರ ಮೇಲೆ. ನಾಲ್ಕೇ ನಾಲ್ಕು ಮನೆ ಈಚೆ ನಾನು ಬಿದ್ದುಕೊಂಡಿದ್ದೆ. ನನ್ನನ್ನೇ ಎಬ್ಬಿಸಿ ಕಳಿಸಿದ್ದರೆ ಏನು ಹೋಗುತ್ತಿತ್ತು? ನನ್ನ ಧ್ವನಿ ಬೇಕಾಯಿತು, ನನ್ನ ಬೈಗುಳವೂ ಬೇಕಾಯಿತು. ನಾನು ಬೇಡವಾದೆ.