ಅಮೃತ ಬರೆದ ಸಮಾಜ ವಿಜ್ಞಾನ

ಊರಿನವರು ಅಮೃತಳನ್ನು ಗ್ರಾಮ ಪಂಚಾಯಿತಿ ಅಧ್ಯಕ್ಷೆ ಮಾಡಿದ್ದರು; ಅಧ್ಯಕ್ಷಗಿರಿಯನ್ನು ಮಾತ್ರ ಅವಳ ಗಂಡ ಶಶಿಧರ್ ಮಾಡುತ್ತಿದ್ದ. ಮದ್ದೂರು ಕಡೆಯ ಕೊಪ್ಪದಿಂದ ಒಳಗೆ ಹೋಗುವ ರಸ್ತೆಯ ಆ ಹಳ್ಳಿಯಲ್ಲಿ ಇದು ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲ. ಸ್ಥಾನ ಮಹಿಳೆಗೆ ಮೀಸಲಾಯಿತು, ಶಶಿಧರ್ ಹೆಂಡತಿಯನ್ನು ನಿಲ್ಲಿಸಿದ, ಅವಳು ಗೆದ್ದಳು. ಆಮೇಲೆ ಆಫೀಸಿನಲ್ಲಿ ಅವಳ ಕುರ್ಚಿಯಲ್ಲಿ ಅವನು ಕೂತ. ಅವಳು ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅವನು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದಳು. ನೀರು ಬರಲಿಲ್ಲ, ಬೀದಿದೀಪ ಕೆಟ್ಟಿದೆ ಎಂದು ಬಂದವರು ಅವಳನ್ನು ದಾಟಿಕೊಂಡು ಹೋಗಿ ಅವನಿಗೆ ಕೈ ಮುಗಿಯುತ್ತಿದ್ದರು.

ಅಮೃತ ಬಸರಾಳಿನ ಹುಡುಗಿ. ಹತ್ತನೇ ತರಗತಿಯ ನಡುವಿನಲ್ಲಿ ಅವಳಿಗೆ ಮದುವೆಯಾಯಿತು. ಪರೀಕ್ಷೆಗೆ ಕಳಿಸುತ್ತೇವೆ ಎಂದು ಗಂಡಿನ ಕಡೆಯವರು ಮಾತು ಕೊಟ್ಟಿದ್ದರು. ಮಾರ್ಚ್ ಬರುವ ಹೊತ್ತಿಗೆ ಅವಳು ಬಸುರಿ. ಆ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಮಕ್ಕಳು, ಹಸುಗಳು, ಡೇರಿಗೆ ಹಾಲು, ಗದ್ದೆಗೆ ಬುತ್ತಿ ಎಂದು ಇಪ್ಪತ್ತು ವರ್ಷ ಕಳೆದವು. ಮಂಡ್ಯದಲ್ಲಿ ನಡೆದ ಆ ತರಬೇತಿ ಇಲ್ಲದಿದ್ದರೆ ಇನ್ನೂ ಹಾಗೆಯೇ ಕಳೆಯುತ್ತಿದ್ದವೇನೋ.

ಹೊಸ ಅಧ್ಯಕ್ಷೆಯರಿಗೆಂದು ಇಟ್ಟ ತರಬೇತಿ ಅದು. ಒಬ್ಬೊಬ್ಬರೂ ಎದ್ದು ನಿಂತು ಕೊಟ್ಟ ಹಾಳೆಯಿಂದ ಒಂದು ಪ್ಯಾರಾ ಓದಬೇಕಿತ್ತು. ಅಮೃತಳ ಸರದಿ ಬಂತು. ಅವಳು ಎದ್ದು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ, ಹಿಂದಿನ ಸಾಲಿನಲ್ಲಿ ಬೇರೆ ಗಂಡಂದಿರ ಜೊತೆ ಕೂತಿದ್ದ ಶಶಿಧರ್ ಎದ್ದು ಬಂದು ಹಾಳೆಯನ್ನು ಅವಳ ಕೈಯಿಂದ ಎಳೆದುಕೊಂಡ.

"ನಮ್ಮನೆಯವ್ರಿಗೆ ಓದು ಅಷ್ಟಕ್ಕಷ್ಟೇ ಸಾ. ನಾನೇ ಓದ್ಬುಡ್ತೀನಿ," ಅಂದ.

ಓದಿದ. 'ವಿಕೇಂದ್ರೀಕರಣ' ಎಂಬಲ್ಲಿ ಮೂರು ಸಲ ಎಡವಿದ. ಯಾರೂ ನಗಲಿಲ್ಲ. ಅವಳು ಮಾತ್ರ ಎಲ್ಲರೆದುರು ಬರಿಗೈಯಲ್ಲಿ ನಿಂತಿದ್ದಳು. ಆ ದಿನ ಮಧ್ಯಾಹ್ನ ಊಟದ ತಟ್ಟೆಯನ್ನು ಹಾಗೆಯೇ ಬಿಟ್ಟು ಎದ್ದಳು. ಮೊದಲು ಅದು ನಾಚಿಕೆ ಎಂದುಕೊಂಡಳು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಗಂಡನ ತೋಳು ತಗುಲಿದಾಗ ಮೈ ಹಿಂದಕ್ಕೆ ಸರಿಯಿತು. ಇದು ನಾಚಿಕೆಯಲ್ಲ, ಹೇಸಿಗೆ ಎಂದು ಆಗ ಗೊತ್ತಾಯಿತು.

ಮುಂದಿನ ವರ್ಷವೇ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿದಳು. ಶಶಿಧರ್ ಬೇಡವೆನ್ನಲಿಲ್ಲ. ಮುಂದೆ ತಾಲೂಕು ಮಟ್ಟಕ್ಕೆ ಹೋಗಬೇಕಾದರೆ ಹೆಸರಿನ ಮುಂದೆ ಒಂದು ಪಾಸು ಇದ್ದರೆ ಒಳ್ಳೆಯದು ಎಂದು ಅವನ ಲೆಕ್ಕ. ಕನ್ನಡ, ಇಂಗ್ಲಿಷು, ಹಿಂದಿ, ಗಣಿತ, ವಿಜ್ಞಾನ ಹೇಗೋ ದಾಟಿದವು. ಸಮಾಜ ಮಾತ್ರ ಉಳಿದುಕೊಂಡಿತು. ಇಸವಿಗಳು ಒಂದರೊಳಗೊಂದು ಕಲಸಿಹೋಗಿದ್ದವು, ನಕ್ಷೆಯಲ್ಲಿ ನರ್ಮದೆಯನ್ನು ಗೋದಾವರಿಯ ಜಾಗದಲ್ಲಿ ಹರಿಸಿದ್ದಳು.

ಹಾಗಾಗಿ ಈ ಸಲ ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬಂದವಳೇ ಸಮಾಜ ವಿಜ್ಞಾನ ಒಂದನ್ನೇ ಹಿಡಿದು ಕೂರುತ್ತಿದ್ದಳು. ಬ್ರಿಟಿಷರು ಒಬ್ಬೊಬ್ಬ ರಾಜನನ್ನೂ ಸಿಂಹಾಸನದ ಮೇಲೆ ಕೂರಿಸಿಯೇ ಅಧಿಕಾರವನ್ನೆಲ್ಲ ತಾವು ಇಟ್ಟುಕೊಂಡ ಪಾಠ ಅವಳಿಗೆ ಒಂದೇ ಓದಿಗೆ ಬಾಯಿಗೆ ಬಂತು. ಅರ್ಥಶಾಸ್ತ್ರದ ಭಾಗದಲ್ಲಿ ಗ್ರಾಮೀಣ ಅಭಿವೃದ್ಧಿಯ ಪಾಠವಿತ್ತು. ಪಂಚಾಯಿತಿಗಳಲ್ಲಿ ಮಹಿಳೆಯರು ನಿರ್ಧಾರ ಕೈಗೊಳ್ಳುತ್ತಿದ್ದಾರೆ ಎಂಬ ಸಾಲಿನ ಬಳಿ ಬಂದಾಗ, ತುತ್ತಿನಲ್ಲಿ ಕೂದಲು ಸಿಕ್ಕವಳ ಹಾಗೆ ಅವಳ ಬಾಯಿ ನಿಂತುಬಿಟ್ಟಿತು. ಆದರೂ ಅದನ್ನು ಬಾಯಿಪಾಠ ಮಾಡಿದಳು. ನಾಲ್ಕು ಅಂಕದ ಪ್ರಶ್ನೆ ಬರಬಹುದು.

ಪರೀಕ್ಷೆಯ ದಿನ ಮದ್ದೂರಿಗೆ ಬೈಕಿನಲ್ಲಿ ಕರೆದೊಯ್ಯುತ್ತಾ ಶಶಿಧರ್ ಅಂದ: "ಎದ್ರುಕೋಬ್ಯಾಡ. ನಮ್ಮ ರಘುನಂದನ್ ಮೇಷ್ಟ್ರಿಗೆ ಏಳಿವ್ನಿ. ನಿನ್ನ ರೂಮಿಗೇ ಡ್ಯೂಟಿ ಬಿದ್ದದೆ."

ರಘುನಂದನ್ ಅದೇ ಪಂಚಾಯಿತಿಯ ವ್ಯಾಪ್ತಿಯ ಹೈಸ್ಕೂಲಿನಲ್ಲೇ ಗಣಿತದ ಮೇಷ್ಟ್ರು. ಸಂಜೆಯಾದರೆ ಶಶಿಧರನ ಜೊತೆ ಪಂಚಾಯಿತಿ ಆಫೀಸಿನಲ್ಲಿ ಕೂತಿರುತ್ತಿದ್ದ.

"ನಾನು ಓದಿವ್ನಿ," ಅಂದಳು ಅಮೃತ.

"ಓದಿದೋರೆಲ್ಲ ಪಾಸಾಗಂಗಿದ್ರೆ ದೇಸ ಇಂಗಿರ್ತಿತ್ತಾ? ಕೊಟ್ಟಿದ್ನ ಸುಮ್ಕೆ ಬರ್ದುಬುಟ್ಟು ಬಾ."

"ಏನೂ ಕೊಡೋದು ಬ್ಯಾಡ ಅಂತ ಏಳಿ ಅವ್ರಿಗೆ."

ಅವನು ನಕ್ಕು ಗೇರು ಬದಲಿಸಿದ.

ಪರೀಕ್ಷಾ ಕೇಂದ್ರದ ಜಗಲಿಯಲ್ಲಿ ಹಳೆಯ ಅಭ್ಯರ್ಥಿಗಳೇ ಒಂದು ಗುಂಪಾಗಿ ನಿಂತಿದ್ದರು. ಚೂಡಿದಾರದ ಒಬ್ಬ ಹುಡುಗಿ ಗೋಡೆಗೊರಗಿ ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಮಣಮಣಿಸುತ್ತಿದ್ದಳು. ಕಣ್ಣು ಬಿಟ್ಟವಳು ಅಮೃತಳ ಸೀರೆ ನೋಡಿ ಸ್ವಲ್ಪ ಜಾಗ ಬಿಟ್ಟಳು.

"ನೀವು ಯಾವ ಗಾರ್ಮೆಂಟ್ಸಕ್ಕ?"

"ಗಾರ್ಮೆಂಟ್ಸಲ್ಲ ಕಣವ್ವ. ಪಂಚಾಯ್ತಿ."

"ಓ, ಕಸದ ಗಾಡೀಲಾ? ನಮ್ಮೂರಲ್ಲೂ ಈಗ ಎಣ್ಮಕ್ಳೇ ಓಡುಸ್ತವ್ರೆ."

ಅಮೃತಳಿಗೆ ನಗು ಬಂತು. ಅಧ್ಯಕ್ಷೆ ಎಂದು ಹೇಳಬೇಕೆನಿಸಲಿಲ್ಲ. ಹೇಳಿದರೆ ಅದೇ ಸುಳ್ಳಾಗುತ್ತಿತ್ತು. ಹುಡುಗಿಯ ಹೆಸರು ನಾಗಶ್ರೀ, ಭಾರತೀನಗರದ ಕಡೆಯವಳು. ಬೆಳಗಾಗುವ ಮೊದಲೇ ಬರುವ ಕಂಪನಿ ಬಸ್ಸಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಮನೆ ಸೇರುತ್ತಿದ್ದಳು. ಸಮಾಜಕ್ಕೆ ಕೂರುತ್ತಿರುವುದು ಇದು ಮೂರನೇ ಸಲ. ಈ ದಿನ ರಜೆ ಕೇಳಿದ್ದಕ್ಕೆ ಸೂಪರ್‌ವೈಸರ್ ಬಾಯಿಗೆ ಬಂದಂತೆ ಬೈದಿದ್ದನಂತೆ.

ಒಳಗೆ ಇಬ್ಬರದೂ ಅಕ್ಕಪಕ್ಕದ ಸಾಲು, ನಾಗಶ್ರೀಯದು ಕಿಟಕಿಯ ಕಡೆಯದು. ಗೋಡೆಯ ಮೇಲೆ ಕ್ಯಾಮೆರಾ ಇತ್ತು. ಪ್ರಶ್ನೆಪತ್ರಿಕೆ ಅಮೃತಳ ಕೈಗೆ ಬಂತು. ಒಂದು ಅಂಕದವು ಮುಗಿದವು. ದತ್ತು ಮಕ್ಕಳಿಗೆ ಹಕ್ಕಿಲ್ಲವೆಂಬ ನೀತಿ ಬರೆದಳು. ಕಪ್ಪು ಮಣ್ಣು ಬರೆದಳು. ನಕ್ಷೆಯಲ್ಲಿ ನರ್ಮದೆಯನ್ನು ಈ ಸಲ ಪಶ್ಚಿಮಕ್ಕೇ ಹರಿಸಿದಳು. ಹೊತ್ತು ಹೋದಂತೆ ಕೈಗೆ ಓಟ ಬಂತು. ಮದುವೆಯಾದಮೇಲೆ ಯಾರೂ ಹೇಳಿಕೊಡದೆ, ಯಾರನ್ನೂ ಕೇಳದೆ ಅವಳು ಮಾಡುತ್ತಿದ್ದ ಮೊದಲ ಕೆಲಸ ಇದಾಗಿತ್ತು.

ಆಗ ರಘುನಂದನ್ ಬಂದ. ಕ್ಯಾಮೆರಾಕ್ಕೆ ಬೆನ್ನು ಕೊಟ್ಟು ಅವಳ ಬೆಂಚಿನ ಮೇಲೆ ಬಗ್ಗಿದ. ಉತ್ತರ ಪತ್ರಿಕೆಯ ಅಡಿಗೆ ಏನೋ ತೂರಿತು. ಅಂಗೈ ಅಗಲದ ಕಾಗದ, ಎರಡು ಕಡೆಯೂ ಇರುವೆ ಸಾಲಿನಂಥ ಜೆರಾಕ್ಸು ಅಕ್ಷರ. ಅವನ ಅಂಗೈ ಬೆವರಿಗೆ ನೆನೆದು ಮೆತ್ತಗಾಗಿತ್ತು, ಅವನು ಅಗಿಯುವ ಜರ್ದಾದ ನಾತ ಹೊಡೆಯುತ್ತಿತ್ತು. ಸರಿಸಲು ಹೋದರೆ ಅವಳ ಮಣಿಕಟ್ಟಿಗೆ ಅಂಟಿಕೊಂಡಿತು.

"ನಂಗೆ ಬ್ಯಾಡ ಸಾ."

"ಸುಮ್ನೆ ಇಟ್ಕೊಳ್ಳಿ ಅಧ್ಯಕ್ಷರೇ," ಅಂದ ಅವನು ತುಟಿ ಅಲುಗಿಸದೆ. "ಇಲ್ದಿದ್ರೆ ಶಶಿ ನನ್ ಬೈತಾನೆ."

ಜಿಗಣೆ ಕಿತ್ತು ಎಸೆಯುವಂತೆ ಅದನ್ನು ಮಣಿಕಟ್ಟಿನಿಂದ ಕಿತ್ತು, ಉಂಡೆ ಮಾಡಿ ಕಿಟಕಿಯ ಕಡೆಗೆ ಎಸೆದಳು. ಎಲ್ಲಿ ಬಿತ್ತೆಂದು ನೋಡಲಿಲ್ಲ. ಕೈಯನ್ನು ಸೀರೆಗೆ ಒರೆಸಿಕೊಂಡು, ಮತ್ತೆ ಒರೆಸಿಕೊಂಡು, ಬರೆಯತೊಡಗಿದಳು.

ಸ್ವಲ್ಪ ಹೊತ್ತಿಗೆ ನಕಲು ಹಿಡಿಯುವ ಸ್ಕ್ವಾಡಿನವರು ಬಂದರು. ಮುಂದೆ ಬಂದ ಹೆಂಗಸು ಅಧಿಕಾರಿ ಸಾಲುಗಳ ನಡುವೆ ನಡೆಯುತ್ತಾ ನಾಗಶ್ರೀಯ ಕಾಲ ಬಳಿ ನಿಂತಳು. ಬಗ್ಗಿ ಉಂಡೆಯನ್ನು ಎತ್ತಿ ಬಿಡಿಸಿದಳು.

"ಏಳಮ್ಮ."

ನಾಗಶ್ರೀ ಎದ್ದಳು. "ಮೇಡಂ, ನಂದಲ್ಲ ಮೇಡಂ. ನಮ್ಮಪ್ಪನಾಣೆ ನಂದಲ್ಲ." ಅವಳ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು.

ಆಗ ರಘುನಂದನ್ ಮುಂದೆ ಬಂದ. ಮುಖ ಗಂಟಿಕ್ಕಿಕೊಂಡಿದ್ದ. "ಕೊಡಮ್ಮ ಪೇಪರ್ನ. ನಾನು ಆಗ್ಲಿಂದ ನೋಡ್ತಾನೇ ಇದ್ದೆ ಮೇಡಂ, ಇವಳ ಕಣ್ಣೆಲ್ಲ ಆಚೀಚೆನೇ. ಇಂಥೋರಿಂದ ನಮ್ಮ ಕೇಂದ್ರಕ್ಕೇ ಕೆಟ್ಟ ಹೆಸರು."

ಅವನು ಅದನ್ನು ಎಷ್ಟು ಸಲೀಸಾಗಿ ಹೇಳಿದ! ಅಮೃತ ಅವನ ಬಾಯಿಯನ್ನೇ ನೋಡಿದಳು. ಎದ್ದು ನಿಂತಳು.

"ಆ ಚೀಟಿ ಆ ಉಡುಗೀದಲ್ಲ. ನನ್ನ ಬೆಂಚಿಗೆ ಬಂದಿದ್ದು. ನಾನೇ ಎಸ್ದೆ."

ಅಧಿಕಾರಿ ತಿರುಗಿದಳು. "ನಿಮಗೆ ಎಲ್ಲಿಂದ ಬಂತು?"

"ಈ ಮೇಷ್ಟ್ರು ಕೊಟ್ರು."

ರಘುನಂದನ್ ಬೆಚ್ಚಲಿಲ್ಲ. "ಮೇಲೆ ಕ್ಯಾಮೆರಾ ಇದೆಯಲ್ಲ ಮೇಡಂ, ನೋಡಿ," ಅಂದ.

ನೋಡಿದರು. ಕ್ಯಾಮೆರಾದಲ್ಲಿ ಅವನ ಬೆನ್ನು ಮಾತ್ರ ಇತ್ತು. ಅಮೃತಳ ಕೈ ಉಂಡೆ ಎಸೆದದ್ದು ಸ್ಪಷ್ಟವಾಗಿತ್ತು. ಮುಖ್ಯ ಅಧೀಕ್ಷಕರ ಕೋಣೆಯಲ್ಲಿ ಅವಳ ಹೇಳಿಕೆ ಬರೆಸಿಕೊಂಡರು. ಅವಳ ಉತ್ತರ ಪತ್ರಿಕೆಯ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಬಿತ್ತು. ಪಂಚಾಯಿತಿಗಳ ಪಾತ್ರ ಕುರಿತ ಪ್ರಶ್ನೆಗೆ ಅವಳು ಇನ್ನೂ ಎರಡು ಸಾಲಷ್ಟೇ ಬರೆದಿದ್ದಳು. ನಾಗಶ್ರೀಯನ್ನು ಕೂರಿಸಿ ಬರೆಯಲು ಬಿಟ್ಟರು. ಮೇಷ್ಟ್ರಿಗೆ ಆ ದಿನದ ಮಟ್ಟಿಗೆ ಡ್ಯೂಟಿ ತಪ್ಪಿತು, ಅಷ್ಟೆ.

ಹೊರಗೆ ಗೇಟಿನ ಬಳಿ ಶಶಿಧರ್ ಖಾರ ಹಚ್ಚಿದ ಸೌತೆಕಾಯಿ ತಿನ್ನುತ್ತಾ ನಿಂತಿದ್ದ. ಸುದ್ದಿ ಆಗಲೇ ಅವನ ಫೋನಿಗೆ ಬಂದಿತ್ತು.

"ಏನೇ ನಿಂಗೆ ಬಂದಿರೋದು? ಸುಮ್ಕೆ ಕೂತಿದ್ರೆ ಮುಗ್ದೋಗಿತ್ತು. ಅವ್ಳು ಯಾರೋ, ಏನೋ!"

"ಅವ್ಳು ಮೂರ್ನೇ ಸಲ ಕೂತಿದ್ಲು."

"ಕೂತ್ಕೊಳ್ಲಿ, ನಾಕ್ನೇ ಸಲಾನೂ ಕೂತ್ಕೊಳ್ಲಿ. ನಮಗೇನು? ನೋಡು, ಈಗ್ಲೂ ಕಾಲ ಮಿಂಚಿಲ್ಲ. ಗಾಬ್ರೀಲಿ ಅಂಗಂದೆ, ಚೀಟಿ ಆ ಉಡುಗೀದೇಯಾ ಅಂತ ಬರ್ಕೊಟ್ಬುಡು. ಮೇಷ್ಟ್ರು ಎಲ್ಲ ಸರಿ ಮಾಡ್ತಾರಂತೆ."

ಮಾತನಾಡುವಾಗ ಸೌತೆಬೀಜವೊಂದು ಅವನ ತುಟಿಯ ಅಂಚಿನಲ್ಲಿ ಅಂಟಿಕೊಂಡು ಮೇಲೆ ಕೆಳಗೆ ಆಡುತ್ತಿತ್ತು. ಅಮೃತ ಅದನ್ನೇ ನೋಡುತ್ತಾ ನಿಂತಳು. ಇಬ್ಬರು ಮಕ್ಕಳನ್ನು ಕೊಟ್ಟ ಮನುಷ್ಯ. ಅವನ ಬೈಕು ಹತ್ತಬೇಕಲ್ಲ, ಹಿಂದೆ ಕೂತು ಅವನ ಭುಜ ಹಿಡಿಯಬೇಕಲ್ಲ ಎನಿಸಿತು. ತಿರುಗಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು. ಕೊಪ್ಪದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಬಾಟಲಿ ನೀರು ಸುರಿದುಕೊಂಡು ಮಣಿಕಟ್ಟನ್ನು ತೊಳೆದಳು.

ಆ ವರ್ಷದ ಮುಂದಿನ ಪರೀಕ್ಷೆಗಳಿಗೂ ಅವಳು ಕೂರುವಂತಿಲ್ಲ ಎಂದು ಆದೇಶ ಬಂತು. ಊರಲ್ಲಿ 'ಚೀಟಿ ಅಧ್ಯಕ್ಷೆ' ಎಂದು ಹೆಸರಾಯಿತು. ಡೇರಿಯ ಸಾಲಿನಲ್ಲಿ ಹೆಂಗಸರು ಬೇಕೆಂದೇ ದನಿ ಏರಿಸಿ ಮಕ್ಕಳ ಪರೀಕ್ಷೆಯ ಮಾತು ತೆಗೆಯುತ್ತಿದ್ದರು. ಅಮೃತ ಹಾಲು ಸುರಿದು, ಕ್ಯಾನು ತೊಳೆದು ಬರುತ್ತಿದ್ದಳು.

ಸ್ವಾತಂತ್ರ್ಯ ದಿನಾಚರಣೆಗೆ ಹೈಸ್ಕೂಲಿನವರು ಕರೆದರು. ಧ್ವಜ ಹಾರಿಸಿ ವೇದಿಕೆಯ ಮೇಲೆ ಕೂತಮೇಲೆ ಗೊತ್ತಾಯಿತು: ಶಾಲೆಗೆ ಶೇಕಡಾ ನೂರು ಫಲಿತಾಂಶ ಬಂದಿದ್ದಕ್ಕೆ ರಘುನಂದನ್ ಮೇಷ್ಟ್ರಿಗೆ ಸನ್ಮಾನ, ಅದನ್ನು ಅಧ್ಯಕ್ಷರು ನೆರವೇರಿಸಿಕೊಡಬೇಕು. ತಟ್ಟೆಯಲ್ಲಿ ಮೈಸೂರು ಪೇಟ, ಶಾಲು, ಹಾರ ಬಂದವು. ರಘುನಂದನ್ ಎದ್ದು ಬಂದು ಅವಳ ಮುಂದೆ ತಲೆ ಬಗ್ಗಿಸಿ ನಿಂತ. ಎಣ್ಣೆ ಹಚ್ಚಿ ಬಾಚಿದ ತಲೆ. ಜರ್ದಾದ ವಾಸನೆ.

ಅಮೃತ ಶಾಲನ್ನು ಕೈಗೆ ತೆಗೆದುಕೊಳ್ಳಲಿಲ್ಲ. "ನಾನು ಇವ್ರಿಗೆ ಶಾಲು ಆಕಲ್ಲ," ಅಂದಳು. ಎದುರಿಗೆ ಮೈಕು ಇದ್ದದ್ದರಿಂದ ಆ ಮಾತು ಮೈದಾನಕ್ಕೆಲ್ಲ ಕೇಳಿಸಿತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಹೆಡ್ಮಾಸ್ತರರು ಕೆಮ್ಮಿದರು. ಅವಳು ಮೆಟ್ಟಿಲಿಳಿದು ನಡೆದಳು.

ಶಶಿಧರ್ ಓಡಿ ಬಂದು ವೇದಿಕೆ ಹತ್ತಿ, ನಗುತ್ತಾ ಶಾಲು ಹೊದಿಸಿ, ಪೇಟ ತೊಡಿಸಿದ. ಜನ ಚಪ್ಪಾಳೆ ತಟ್ಟಿದರು. ಫೋಟೋ ತೆಗೆದರು. ಗೇಟು ದಾಟುವ ತನಕ ಆ ಚಪ್ಪಾಳೆ ಅವಳ ಬೆನ್ನಿಗೆ ಕೇಳುತ್ತಲೇ ಇತ್ತು.

ಅದಾದ ಮೇಲಿನ ಮೊದಲ ಪಂಚಾಯಿತಿ ಸಭೆಗೆ ಅವಳು ಎಲ್ಲರಿಗಿಂತ ಮೊದಲೇ ಹೋಗಿ ತನ್ನ ಕುರ್ಚಿಯಲ್ಲಿ ಕೂತಳು. ಶಶಿಧರ್ ಬಂದು ಬಾಗಿಲಲ್ಲಿ ನಿಂತ.

"ಸದಸ್ಯರಲ್ಲದೋರು ಆಚೆ ಇರ್ಬೇಕು," ಅಂದಳು ಅವನ ಕಡೆ ನೋಡದೆ. "ಪಿಡಿಒ ಸಾಹೇಬ್ರೆ, ರೂಲ್ಸು ಅದೇ ಅಲ್ವ?"

ಪಿಡಿಒ ಕಡತದಿಂದ ತಲೆ ಎತ್ತಲಿಲ್ಲ, ಆದರೆ ಹೌದೆಂದ. ಶಶಿಧರ್ ಹೊರಗೆ ಹೋಗಿ ಜಗಲಿಯಲ್ಲಿ ಕೂತ. ಸದಸ್ಯರಲ್ಲಿ ಅರ್ಧ ಜನ ಸಭೆಯ ನಡುವೆ ಎದ್ದು ಹೋಗಿ ಅವನನ್ನು ಕೇಳಿಕೊಂಡು ಬರುತ್ತಿದ್ದರು. ಅದನ್ನು ನೋಡಿ ಅವಳಿಗೆ ಅಸಹ್ಯವಾಯಿತು. ಆದರೂ ಅಂದಿನಿಂದ ಓದದೆ ಯಾವ ಕಾಗದಕ್ಕೂ ಸಹಿ ಹಾಕಲಿಲ್ಲ. ಮನೆಯಲ್ಲಿ ಅವನು ತಿಂಗಳುಗಟ್ಟಲೆ ಮಾತು ಬಿಟ್ಟ. ಅವಳಿಗೆ ಅದರಿಂದ ನೆಮ್ಮದಿಯೇ ಆಯಿತು.

ಮರುವರ್ಷ ಮದ್ದೂರು ಬೇಡವೆಂದು, ತಂಗಿ ಇರುವ ಮಳವಳ್ಳಿಯಲ್ಲಿ ಅರ್ಜಿ ಹಾಕಿದಳು. ಹಿಂದಿನ ದಿನವೇ ಹೋಗಿ ತಂಗಿಯ ಮನೆಯಲ್ಲಿ ಉಳಿದಳು. ಕೊಠಡಿಯ ಮೇಲ್ವಿಚಾರಕಿ ಸಹಿ ಹಾಕಲು ಬಂದಾಗ ಅಮೃತ ಕೈಯನ್ನು ಸರಕ್ಕನೆ ಹಿಂದೆಳೆದುಕೊಂಡಳು. ಆಕೆ ಏನಾಯಿತೆಂದು ಕೇಳಿದರೆ, ಏನಿಲ್ಲವೆಂದಳು. ಕೊನೆಯ ಗಂಟೆ ಹೊಡೆಯುವವರೆಗೆ ಬರೆದಳು.

ಫಲಿತಾಂಶವನ್ನು ಮೊದಲು ತಿಳಿಸಿದ್ದು ನಾಗಶ್ರೀ. ಅವಳು ಹಿಂದಿನ ವರ್ಷವೇ ಪಾಸಾಗಿ, ಕೆಲಸ ಬಿಡದೆ ಪಿಯುಸಿ ಕಟ್ಟಿದ್ದಳು. ಮದ್ದೂರಿನ ಆ ದಿನದ ಮೇಲೆ ಆಗಾಗ ಫೋನು ಮಾಡುತ್ತಿದ್ದವಳು, ಅಮೃತಳ ರಿಜಿಸ್ಟರ್ ನಂಬರು ಇಸಿದುಕೊಂಡು ಫೋನಿನಲ್ಲಿ ನೋಡಿ ಕೂಗಿಕೊಂಡಳು: "ಅಕ್ಕಾ, ಐವತ್ತಾರು! ಸಮಾಜಕ್ಕೆ ಐವತ್ತಾರು ಕಣಕ್ಕ!"

ಅಮೃತ ಕೊಟ್ಟಿಗೆಯಲ್ಲಿದ್ದಳು. ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ಹಸುವಿನ ಬೆನ್ನು ಸವರಿದಳು. ಅಂಗಳಕ್ಕೆ ಬಂದಾಗ ಶಶಿಧರ್ ಮುಖ ತೊಳೆಯುತ್ತಿದ್ದ. ಫೋನಿನ ಮಾತು ಅವನಿಗೂ ಕೇಳಿಸಿತ್ತು. ಟವಲಿನಿಂದ ಮುಖ ಒರೆಸಿಕೊಳ್ಳುತ್ತಾ, ಎಷ್ಟೋ ದಿನದ ಮೇಲೆ ಅವಳ ಹತ್ತಿರ ಬಂದು, ಮೆಚ್ಚಿಕೊಂಡವನಂತೆ ದನಿ ತಗ್ಗಿಸಿ ಕೇಳಿದ:

"ಮಳವಳ್ಳೀಲಿ ಮೇಷ್ಟ್ರಿಗೆ ಯಾರ ಕೈಲಿ ಏಳ್ಸಿದ್ದೆ?"

ಅಮೃತ ಮೋರಿಯ ಕಡೆ ತಿರುಗಿ ಉಗುಳಿ, ಒಳಗೆ ಹೋದಳು.